ರಾಶಿ ಮಷೀನು ಬಂದ ದಿನಾನೇ ಸೊಸಿಗೆ ಬ್ಯಾನಿ ಸುರು ಆದವು

ತೊಗರಿ ರಾಶಿ ಎಷ್ಟಾತು, ಎಕರೆಗೆ ಎಷ್ಟು ಬಂತು ಅಂತ ಬರೀತೀನಿ ಅಂದಿದ್ದೆ. ಇಪ್ಪತ್ತು ದಿನ ಆತು, ಬರೆದಿಲ್ಲ. ಇಬ್ಬರು ಮೂವರು ಫೋನ್ ಮಾಡಿ "ಯಾಕ ಅಕ್ಕಾ, ರಾಶಿ ಆಗಲಿಲ್ಲೇನು?" ಅಂತ ಕೇಳಿದರು. ರಾಶಿ ಆತು. ನಡುವ ಇನ್ನೊಂದು ಕೆಲಸ ಬಂತು. ಮೊದಲು ಅದನ್ನ ಬರೀತೀನಿ, ರಾಶಿ ಲೆಕ್ಕ ಕಡೀಗೆ ಅದ.

ಈ ಪೇಜ್ ಓದೋರೊಳಗ ಗಂಡಸರೇ ಹೆಚ್ಚು. "ಹಡೆಯೋ ಸುದ್ದಿ ಗಂಡಸರ ಮುಂದ ಯಾಕ ಬರೀತಿ" ಅಂತ ನಮ್ಮವರು ಅಂದರು. ಹೋದ ವರ್ಷ ನಮ್ಮ ಆಕಳ ಕರು ಹೊಟ್ಟ್ಯಾಗ ಅಡ್ಡ ನಿಂತಾಗ ಬರೆದಿದ್ದೆ. ಆಗ ಎಷ್ಟು ಮಂದಿ ಗಂಡಸರು ಸಲಹೆ ಹೇಳಿದಿರಿ! ಆಕಳ ಸುದ್ದಿ ಓದಿದವರು ಮನಿ ಹೆಣ್ಣುಮಗಳ ಸುದ್ದಿನೂ ಓದಬಹುದು ಅಂತ ಬರ್ಲಾಕತ್ತೀನಿ.

ಜನವರಿ ಎರಡನೇ ವಾರ. ನಾಲ್ಕು ಎಕರೆ ತೊಗರಿ ಕೊಯ್ದು ಹೊಲದಾಗ ಒಟ್ಟಿದ್ವಿ. ರಾಶಿ ಮಷೀನಿಗೆ ಎಂಟು ದಿನದಿಂದ ಪಾಳಿ ಹಚ್ಚಿದ್ವಿ. ಮುಗಿಲಿನಾಗ ಮೋಡ ಬ್ಯಾರೆ. ಅವತ್ತು ಮಧ್ಯಾಹ್ನ ಮೂರು ಗಂಟೆಗೆ ಮಷೀನು ಬಂತು, ಹಚ್ಚಿದ್ವಿ. ಒಂದು ತಾಸು ಆಗಿತ್ತು, ಮನಿಯಿಂದ ಸೊಸಿ ಫೋನ್ ಬಂತು. "ಅತ್ತೀ, ನೀರು ಹೋದಂಗ ಆತು. ನಡದಾಗ ಹಿಡ್ಕೋತದ, ಬಿಡ್ತದ." ಅಷ್ಟೇ ಅಂದಳು. ಆಕಿ ಹೆಚ್ಚು ಮಾತಾಡಾಕಿ ಅಲ್ಲ.

ಮಗನಿಗೆ ಹೇಳಿದೆ. ಮಷೀನಿನ ಸಪ್ಪಳದಾಗ ಎರಡು ಸಲ ಕೂಗಿ ಹೇಳಬೇಕಾತು. ಅವ ಅಂದ, "ತಾರೀಖಿಗೆ ಇನ್ನ ಹತ್ತು ದಿನ ಅದ ಅಂದಾರಲ್ಲ ಯವ್ವಾ. ಎರಡು ತಾಸಿನಾಗ ಮುಗೀತದ. ಈಗ ಮಷೀನು ಬಿಟ್ಟರ ಮತ್ತ ಯಾವಾಗ ಬರ್ತದೋ. ರಾಶಿ ಮುಗಿಸಿ ಕತ್ತಲಾಗೂದ್ರಾಗ ಹೋಗೋಣ."

ನನ್ನ ಮಗ ಕೆಟ್ಟವ ಅಲ್ಲ. ಹೆಂಡತಿ ಮ್ಯಾಲ ಜೀವ ಇಟ್ಟವ. ಆದರ ವರ್ಷದ ಗಂಜಿ ಕಣ್ಣ ಮುಂದ ಬಿದ್ದಾಗ ರೈತನ ತಲಿ ಹಂಗೇ ಓಡ್ತದ. ನನ್ನ ತಲಿನೂ ಒಂದು ಕ್ಷಣ ಹಂಗೇ ಓಡಿತ್ತು, ಸುಳ್ಳು ಯಾಕ ಹೇಳಲಿ. ಅಷ್ಟರಾಗ ನನಗ ಹಳೇದು ನೆನಪಾತು. ಅದನ್ನ ಹೇಳಿಯೇ ಮುಂದ ಹೋಗ್ತೀನಿ.

ನನ್ನ ಮೊದಲನೇ ಹೆರಿಗಿ 1991ರಾಗ, ತವರುಮನ್ಯಾಗ. ಆಗ ದವಾಖಾನಿಗೆ ಹೋಗೋದು ಅಂದ್ರ ಏನೋ ಕೆಟ್ಟದ್ದು ಆಗ್ಯದ ಅಂತ ಅರ್ಥ. ಸೂಲಗಿತ್ತಿ ಆಯಿ ಬಂದಳು. ಅರ್ಧ ಊರಿನ ಮಕ್ಕಳನ್ನ ಹಿಡಿದ ಕೈ ಆಕಿದು. ಸೂಲಗಿತ್ತ್ಯಾರನ್ನ ಹಳಿಯೋದು ನನಗ ಸೇರಂಗಿಲ್ಲ. ಪಾವಗಡದ ಕಡೆ ಸಾವಿರಾರು ಹೆರಿಗಿ ಮಾಡಿಸಿದ ಸೂಲಗಿತ್ತಿ ನರಸಮ್ಮನವರಿಗೆ 2018ರಾಗ ಪದ್ಮಶ್ರೀ ಕೊಟ್ಟರಲ್ಲ, ಅದು ಅಂಥಾ ಎಲ್ಲಾ ಕೈಗಳಿಗೂ ಸಂದ ಗೌರವ. ಆದರ ನನಗ ಎರಡು ರಾತ್ರಿ ಒಂದು ಹಗಲು ಬ್ಯಾನಿ ತಿಂದರೂ ಕೂಸು ಕೆಳಗ ಇಳೀಲಿಲ್ಲ. ಆಯಿ ತನಗ ಬಂದದ್ದೆಲ್ಲ ಮಾಡಿದಳು. ಕೂಸಿನ ಎದಿ ಬಡಿತ ಕೇಳೋ ಸಾಮಾನು ಆಕಿ ಹತ್ರ ಇರಲಿಲ್ಲ, ಹೊಟ್ಟಿ ಕೊಯ್ಯೋ ಡಾಕ್ಟರ್ ಇರಲಿಲ್ಲ. "ಬೆಳಗಾಗಲಿ, ಗಾಡಿ ನೋಡೋಣ" ಅಂದರು. ಬೆಳಗಾಗೂದ್ರಾಗ ಹಡೆದೆ. ಗಂಡು ಕೂಸು. ಅಳಲಿಲ್ಲ. ಆಯಿ ಅದನ್ನ ತಲಿ ಕೆಳಗ ಹಿಡಿದಳು, ಬೆನ್ನು ತಟ್ಟಿದಳು, ಬಾಯಾಗ ಗಾಳಿ ಊದಿದಳು. ಅಳಲಿಲ್ಲ. ನಮ್ಮಪ್ಪ ಅದನ್ನ ಬಿಳೇ ಅರಿವ್ಯಾಗ ಸುತ್ತಿಕೊಂಡು ಹೊಲಕ್ಕ ಹೋದ. ಎಲ್ಲಿ ಹೂಳ್ಯಾನ ಅಂತ ನಾನು ಇವತ್ತಿಗೂ ಕೇಳಿಲ್ಲ.

ಎರಡನೇದು 1993, ಮಿರಗದ ಮಳಿ ಬಿದ್ದಿತ್ತು. ಈ ಸಲ ಗಂಡನ ಮನ್ಯಾಗೇ ಇದ್ದೆ. ಮಾವ ಹೊಲದಾಗ ಕೂರಿಗಿ ಹೂಡಿದ್ದರು. ಹಸಿ ಆರೂದ್ರಾಗ ಬಿತ್ತಬೇಕು, ಒಂದು ದಿನ ತಪ್ಪಿದರ ಏನಾಗ್ತದ ಅಂತ ನಿಮಗ ನಾನು ಹೇಳಬೇಕಾಗಿಲ್ಲ. ನನಗ ಬ್ಯಾನಿ ಸುರು ಆದವು ಅಂತ ಹುಡುಗನ್ನ ಹೊಲಕ್ಕ ಕಳಿಸಿದರು. ಮಾವ ಸಾಲು ನಡುವೇ ಕೂರಿಗಿ ಬಿಟ್ಟು, ಅದೇ ಎತ್ತು ಹೊಡಕೊಂಡು ಮನಿಗೆ ಬಂದು ಬಂಡಿ ಹೂಡಿದರು. "ಬಿತ್ತಿಗಿ ಹೋದರ ಮತ್ತ ಬಿತ್ತೋಣ" ಅಂದರು. ಅಕ್ಷರ ಬಾರದ ಮನುಷ್ಯ. ಬಂಡ್ಯಾಗ ದೊಡ್ಡ ರೋಡಿನ ತನಕ, ಅಲ್ಲಿಂದ ಒಂದು ಲಾರಿ ನಿಲ್ಲಿಸಿ ದವಾಖಾನಿ ತನಕ. ಪ್ರತಿ ಕುಣಿಗೂ ನನ್ನ ಜೀವ ಬಾಯಿಗೆ ಬರ್ತಿತ್ತು.

ಆ ದವಾಖಾನಿ ಯಾವುದು ಅಂತ ಬರೆಯಂಗಿಲ್ಲ. ಆಗ ಎಲ್ಲಾ ಕಡೆನೂ ಹಂಗೇ ಇತ್ತು. ಅತ್ತಿನ್ನ ಬಾಗಿಲ ಹೊರಗ ನಿಲ್ಲಿಸಿದರು. ನಾನೊಬ್ಬಾಕಿನೇ ಒಳಗ. ಹರಿದ ರೆಕ್ಸಿನ್ ಹಾಕಿದ ಕಬ್ಬಿಣದ ಟೇಬಲ್. ಬ್ಯಾನಿ ಬಂದಾಗ ಟೇಬಲ್ಲಿನ ಸರಳು ಹಿಡೀತಿದ್ದೆ. ಹಡೆಯೋ ಬ್ಯಾನಿ ಒಂದೇ ಸಮ ಇರಂಗಿಲ್ಲ ನೋಡ್ರಿ. ಅಲಿ ಬಂದಂಗ ಬರ್ತದ, ನಡ ಮುರೀತದ, ಹೋಗ್ತದ. ನಡುವ ಎರಡು ನಿಮಿಷ ಬಿಡುವು. ಆ ಎರಡು ನಿಮಿಷದಾಗ ನನಗ ನಿದ್ದಿ ಹತ್ತುತಿತ್ತು, ನಂಬತೀರೋ ಇಲ್ಲೋ. ಮತ್ತ ಬ್ಯಾನಿ ಬಂದು ಎಬ್ಬಸ್ತಿತ್ತು. ನಾನು ಚೀರಿದರ ಆಯಾ ಬಂದು ತೊಡಿಗೆ ಹೊಡೆದು ಒಂದು ಮಾತು ಅಂದಳು. ಆ ಮಾತು ಇಲ್ಲಿ ಬರೆಯೋದಲ್ಲ. ಆ ಕಾಲದಾಗ ದವಾಖಾನ್ಯಾಗ ಹಡೆದ ಹೆಣ್ಣುಮಕ್ಕಳಿಗೆಲ್ಲ ಆ ಮಾತು ಗೊತ್ತದ, ನಿಮ್ಮ ಮನ್ಯಾಗ ಕೇಳ್ರಿ.

ಕೂಸು ಹುಟ್ಟಿತು, ಅತ್ತಿತು. ಆ ಅಳು ಕೇಳಿದ ಮ್ಯಾಲ ಆಯಾ ಅಂದದ್ದೆಲ್ಲ ಮರೆತುಬಿಟ್ಟೆ. ಸ್ವಲ್ಪ ಹೊತ್ತಿಗೆ ಬೆನ್ನ ಕೆಳಗ ಬೆಚ್ಚಗ ಹರಿದಂಗ ಆತು. ಕಿವ್ಯಾಗ ಗುಂಯ್ ಅಂತು, ಸಿಸ್ಟರ್ ಕೂಗೋದು ದೂರದಾಗ ಕೇಳಸ್ತು. ಆಕಿ ನನ್ನ ಹೊಟ್ಟಿ ಮ್ಯಾಲ ಮುಷ್ಟಿ ಇಟ್ಟು ಹಿಟ್ಟು ನಾದಿದಂಗ ನಾದಿದಳು. ಇಂಜೆಕ್ಷನ್ ಕೊಟ್ಟರು, ಸಲೈನ್ ಏರಿಸಿದರು. ರಕ್ತ ನಿಂತಿತು. ಮನ್ಯಾಗ ಆಗಿದ್ದರ ನಾನು ಈ ಪೇಜ್ ಬರೀಲಿಕ್ಕೆ ಇರತಿದ್ದಿಲ್ಲ. ಹೊಡೆದಾಕಿನೂ ಅದೇ ಖೋಲ್ಯಾಗ ಇದ್ದಳು, ಉಳಿಸಿದಾಕಿನೂ ಅದೇ ಖೋಲ್ಯಾಗ. ಮೂವತ್ತು ವರ್ಷ ಆದರೂ ಒಬ್ಬಾಕಿನ್ನ ಬಿಟ್ಟು ಇನ್ನೊಬ್ಬಾಕಿನ್ನ ನೆನಸಲಿಕ್ಕೆ ನನ್ನ ಕೈಲೆ ಆಗಿಲ್ಲ.

ಅವತ್ತು ಹುಟ್ಟಿದವನೇ ಈಗ ಮಷೀನಿನ ಮುಂದ ನಿಂತು "ಎರಡು ತಾಸು" ಅನ್ಲಾಕತ್ತಿದ್ದ. ನಾನು ಹೇಳಿದೆ, "ತಮ್ಮಾ, ನಿನ್ನ ಸಲುವಾಗಿ ನಿಮ್ಮ ಮುತ್ಯಾ ಕೂರಿಗಿ ಬಿಟ್ಟು ಬಂದಿದ್ದ. ನೀ ಮಷೀನು ಬಿಡು." ಅವ ಒಂದು ಕ್ಷಣ ನನ್ನ ಮುಖ ನೋಡಿದ. ಆಮ್ಯಾಲ ಮಷೀನಿನವಗ ಕೈ ಮಾಡಿ ಬಂದ್ ಮಾಡಿಸಿದ.

108ಕ್ಕೆ ಫೋನ್ ಹಚ್ಚಿದ್ವಿ. 2008ರಾಗ ಈ ಗಾಡಿ ನಮ್ಮ ರಾಜ್ಯದಾಗ ಸುರು ಆತು. ಬಂಡಿ ಹೂಡಿ ಲಾರಿ ಕಾಯ್ದ ನನಗ ಅದರ ಬೆಲಿ ಗೊತ್ತು. ನಮ್ಮ ಓಣಿ ಆಶಾ ತಂಗಿನೂ ಕೂಡ ಹತ್ತಿದಳು. ಹೊತ್ತು ಮುಣುಗೂದ್ರಾಗ ಶಹಾಪುರಕ್ಕ, ದವಾಖಾನ್ಯಾಗ ಇದ್ವಿ.

ಸಿಸ್ಟರ್ ಮೊದಲು ಕೇಳಿದ್ದು ತಾಯಿ ಕಾರ್ಡ್. ತಿರುವಿ ನೋಡಿ, "ರಕ್ತ 9.6 ಅದ. ನವೆಂಬರದಾಗ 7.8 ಇತ್ತು. ಇಂಜೆಕ್ಷನ್ ಹಾಕಿಸಿದ್ದು ಚಲೋ ಆತು" ಅಂದಳು. ನಾನು ತಲಿ ಕೆಳಗ ಹಾಕಿದೆ. ಆ 7.8ಕ್ಕೆ ನಾನೇ ಕಾರಣ.

ನವೆಂಬರದಾಗ ಹತ್ತಿ ಬಿಡಿಸೋ ಸುಗ್ಗಿ, ಆಳು ಸಿಗವಲ್ಲರು. ಏಳನೇ ತಿಂಗಳ ಬಸುರಿ ಸೊಸಿನ್ನ ನಾನೇ ದಿನಾ ಹೊಲಕ್ಕ ಕರಕೊಂಡು ಹೋಗ್ತಿದ್ದೆ. "ಮೆತ್ತಗ ಬಿಡಿಸು, ಆದಷ್ಟು" ಅಂತಿದ್ದೆ. ಆದರ ಸಾಲಿನಾಗ ನಿಂತ ಮ್ಯಾಲ ಯಾರೂ ಮೆತ್ತಗ ಬಿಡಿಸಂಗಿಲ್ಲ. ಆಕಿ ಕಣ್ಣು ಬೆಳ್ಳಗ ಆಗಿದ್ದವು, ಎರಡು ಹೆಜ್ಜಿ ನಡೆದರ ತೇಕುತಿದ್ದಳು. "ಬಸುರಿಗೆ ಇದೆಲ್ಲ ಇರೋದೇ" ಅಂದೆ. ಆಶಾ ತಂಗಿ ಕೊಟ್ಟ ಕಬ್ಬಿಣದ ಗುಳಿಗಿ ಗೂಡಿನಾಗ ಹಂಗೇ ಬಿದ್ದಿದ್ದವು. ತಿಂದರ ವಾಂತಿ ಬರ್ತದ, ಮಲ ಕರ್ರಗ ಹೋಗ್ತದ ಅಂತ ಆಕಿ ಬಿಟ್ಟಿದ್ದಳು. ನಾನು ಮ್ಯಾಲಿಂದ ಮ್ಯಾಲ, "ಭಾಳ ಗುಳಿಗಿ ತಿಂದರ ಕೂಸು ದಪ್ಪ ಆಗಿ ಹಡೆಯೋದು ತ್ರಾಸ ಆಗ್ತದ" ಅಂದಿದ್ದೆ. ಇದನ್ನ ನನಗ ನನ್ನ ಅತ್ತಿ ಹೇಳಿದ್ದರು. ಎಸ್ಸೆಸ್ಸೆಲ್ಸಿ ಪಾಸಾದ ನಾನೂ ಹಂಗೇ ನಂಬಿದ್ದೆ.

ಆಶಾ ತಂಗಿ ಒಂದು ದಿನ ಸಿಟ್ಟಿಗೆದ್ದು, 9ನೇ ತಾರೀಖಿನ ತಪಾಸಣಿಗೆ ಎಳಕೊಂಡು ಹೋದಳು. ಪ್ರತಿ ತಿಂಗಳು 9ಕ್ಕೆ ಸರಕಾರಿ ದವಾಖಾನ್ಯಾಗ ಡಾಕ್ಟರೇ ಬಸುರಿಯರನ್ನ ಪುಕ್ಕಟೆ ನೋಡತಾರ. ಅಲ್ಲಿ 7.8 ಅಂತ ಬಂತು. ಬಸುರಿಗೆ 11 ಇರಬೇಕಂತ. 7ಕ್ಕಿಂತ ಕೆಳಗ ಹೋದರ ಭಾಳ ಅಪಾಯ. ಡಾಕ್ಟರ್ ಬಾಯಿ ನನಗ ಒಂದು ಮಾತು ಕೇಳಿದಳು, "ನಿಮ್ಮ ಎಮ್ಮಿ ಗಬ್ಬ ಇದ್ದಾಗ ನೇಗಿಲು ಕಟ್ಟತೀರೇನ್ರಿ?" ನನ್ನ ಹತ್ರ ಉತ್ತರ ಇರಲಿಲ್ಲ. ಆಮ್ಯಾಲ ಒಂದು ದಿನ ಬಿಟ್ಟು ಒಂದು ದಿನ, ಐದು ಸಲ ಸಲೈನಿನಾಗ ಕಬ್ಬಿಣದ ಇಂಜೆಕ್ಷನ್ ಹಾಕಿಸಿದ್ವಿ. ಹತ್ತಿ ಬಿಡಿಸೋದು ಬಂದ್. ಗುಳಿಗಿ ರಾತ್ರಿ ಊಟ ಆಗಿ ಸ್ವಲ್ಪ ಹೊತ್ತಿನ ಮ್ಯಾಲ, ನಿಂಬಿಹಣ್ಣಿನ ನೀರಿನ ಜೋಡಿ ನುಂಗಿಸಿದೆ. ಚಹಾ ಕುಡಿದರ ಕಬ್ಬಿಣ ಮೈಗೆ ಹತ್ತಂಗಿಲ್ಲ ಅಂತ ಆ ಹೊತ್ತಿನ ಚಹಾ ಬಿಡಿಸಿದೆ. ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ನುಗ್ಗಿ ತಪ್ಪಲ, ಶೇಂಗಾ ಹಿಂಡಿ, ತತ್ತಿ. ಎರಡು ತಿಂಗಳಿನಾಗ 9.6ಕ್ಕೆ ಬಂತು.

ಮತ್ತ ಆ ರಾತ್ರಿಗೆ ಬರೋಣ. ಈಗ ಹೆರಿಗಿ ಖೋಲ್ಯಾಗ ಒಬ್ಬ ಹೆಣ್ಣುಮಗಳು ಜೊತಿಗೆ ಇರಬಹುದು ಅಂದರು. ಗೌನ್ ಹಾಕಿಸಿ ನನ್ನ ಒಳಗ ಬಿಟ್ಟರು. ಮೂವತ್ತು ವರ್ಷದ ಹಿಂದ ನಮ್ಮತ್ತಿ ನಿಂತ ಬಾಗಿಲು ದಾಟಿ ನಾನು ಒಳಗ ಹೋದೆ ಅನಸ್ತು. ದವಾಖಾನಿ ಬ್ಯಾರೆ, ಬಾಗಿಲು ಅಂಥಾದ್ದೇ.

ಸಿಸ್ಟರ್ ತಪಾಸಿ, "ಬಾಯಿ ನಾಲ್ಕು ಸೆಂಟಿಮೀಟರ್ ತೆಗೆದದ, ಹತ್ತು ಆಗಬೇಕು" ಅಂದಳು. ಕೂಸಿನ ಎದಿ ಬಡಿತ ಕೇಳಿಸಿದಳು, ನಿಮಿಷಕ್ಕ 140. ನೂರಾ ಹತ್ತರಿಂದ ನೂರಾ ಅರವತ್ತರೊಳಗ ಇದ್ದರ ಕೂಸು ಸುರಕ್ಷಿತ ಅಂತ ಹೇಳಿದಳು. ನನ್ನ ಮೊದಲನೇ ಕೂಸಿನ ಬಡಿತ ಯಾರೂ ಎಣಿಸಿರಲಿಲ್ಲ.

ಸೊಸಿನ್ನ ಖೋಲ್ಯಾಗ ತಿರುಗಾಡಿಸಿದೆ. ಬ್ಯಾನಿ ಬಂದಾಗ ನನ್ನ ಹೆಗಲಿಗೆ ಜೋತು ಬೀಳತಿದ್ದಳು, ನಾನು ನಡ ತಿಕ್ಕತಿದ್ದೆ. ಎಡ ಮಗ್ಗಲಾಗಿ ಮಲಗಿಸಿದೆ, ಗುಟುಕು ಗುಟುಕು ನೀರು ಕುಡಿಸಿದೆ. ಹನ್ನೆರಡು ಗಂಟೆ ಹೊತ್ತಿಗೆ ಆಕಿ ಬೆವತು ಹಸಿ ಆಗಿದ್ದಳು. "ಅತ್ತೀ, ಇನ್ನ ನನ್ನ ಕೈಲೆ ಆಗಂಗಿಲ್ಲ. ನನ್ನ ಮನಿಗೆ ಕರಕೊಂಡು ನಡಿ" ಅಂದಳು. ನಾನೂ 1993ರಾಗ ಇದನ್ನೇ ಅಂದಿದ್ದೆ, ಕೇಳೋರು ಇರಲಿಲ್ಲ. ಸಿಸ್ಟರ್ ನಕ್ಕು, "ಹಿಂಗ ಅಂದರ ಹತ್ರ ಬಂತು ಅಂತ ಅರ್ಥ" ಅಂದಳು. ಮುಕ್ಕು ಅಂದಾಗ ಮುಕ್ಕಿದಳು. ನನ್ನ ಕೈಗೆ ಆಕಿ ಉಗುರು ಚುಚ್ಚಿದ ಗಾಯ ಮೊನ್ನೆ ತನಕ ಇದ್ದವು. ಕಡೀ ಮುಕ್ಕಿನಾಗ "ಯವ್ವಾ" ಅಂತ ಚೀರಿದಳು. ಆರು ವರ್ಷದಾಗ ಆಕಿ ನನಗ ಯವ್ವಾ ಅಂದದ್ದು ಅದೇ ಮೊದಲು. ತನ್ನ ತಾಯಿನ್ನ ಕರೆದಳೋ ನನ್ನ ಕರೆದಳೋ ಗೊತ್ತಿಲ್ಲ. ನಾನು "ಹೂಂ" ಅಂದೆ.

ರಾತ್ರಿ ಒಂದೂ ಇಪ್ಪತ್ತಕ್ಕ ಹೆಣ್ಣು ಕೂಸು ಹುಟ್ಟಿತು. ಎರಡು ಕಿಲೋ ಆರನೂರು. ಒರೆಸಿ ತಾಯಿ ಎದಿ ಮ್ಯಾಲೇ ಹಾಕಿದರು. ತೊಡಿಗೆ ಒಂದು ಇಂಜೆಕ್ಷನ್ ಕೊಟ್ಟರು. ಮಾಸು ಬಿತ್ತು. ಎಲ್ಲಾ ಮುಗೀತು ಅಂತ ನಾನು ಸೆರಗಿನಿಂದ ಮುಖ ಒರಸ್ಕೊಂಡೆ.

ಹತ್ತು ನಿಮಿಷ ಆಗಿರಲಿಕ್ಕಿಲ್ಲ. ಕೆಳಗಿನ ಅರಿವಿ ಒಮ್ಮಿಗೇ ಕೆಂಪಾತು. ಸಿಸ್ಟರ್ ಹೊಟ್ಟಿ ಮುಟ್ಟಿ ನೋಡಿ "ಮೆತ್ತಗದ" ಅಂದು ಗಂಟಿ ಒತ್ತಿದಳು. ಮತ್ತಿಬ್ಬರು ಓಡಿ ಬಂದರು. ಒಬ್ಬಾಕಿ ಹೊಟ್ಟಿ ಮ್ಯಾಲ ಮುಷ್ಟಿ ಇಟ್ಟು ನಾದಲಿಕ್ಕೆ ಹತ್ತಿದಳು. ಅದೇ ಮುಷ್ಟಿ. ನನಗ ಕಾಲು ನಡುಗಿ ಗೋಡೆ ಹಿಡಿದೆ.

ಇದು ಯಾಕ ಆಗ್ತದ ಅಂತ ಡಾಕ್ಟರ್ ಆಮ್ಯಾಲ ತಿಳಿಸಿ ಹೇಳಿದರು. ದಿನ ತುಂಬಿದ ಬಸುರಿಯ ಗರ್ಭಚೀಲಕ್ಕ ನಿಮಿಷಕ್ಕ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹರೀತಿರತದ. ಕೂಸು, ಮಾಸು ಹೊರಗ ಬಂದ ಮ್ಯಾಲ ಚೀಲ ಮುಷ್ಟಿ ಬಿಗಿದಂಗ ಬಿಗೀಬೇಕು, ಆಗ ರಕ್ತದ ನಾಳ ಮುಚ್ಚತಾವ. ದಣಿದ ಚೀಲ ಮೆತ್ತಗೇ ಉಳಿದರ ಕಾಲುವಿ ಗೇಟು ತೆರೆದಿಟ್ಟಂಗ. ನಿಲ್ಲಿಸದಿದ್ದರ ಎರಡು ತಾಸಿನಾಗ ತಾಯಿ ಹೋಗಬಹುದು. ಮೈಯಾಗ ಮೊದಲೇ ರಕ್ತ ಕಡಿಮಿ ಇದ್ದಾಕಿಗೆ ಅಷ್ಟೂ ಹೊತ್ತು ಸಿಗಂಗಿಲ್ಲ. ಯಾರಿಗೆ ಹಿಂಗ ಆಗ್ತದ ಅಂತ ಮೊದಲೇ ಹೇಳಲಿಕ್ಕೆ ಬರಂಗಿಲ್ಲ.

ಡ್ರಿಪ್ಪಿನಾಗ ಔಷಧಿ ಬಿಟ್ಟರು, ನಾದಿದರು, ಮತ್ತ ನಾದಿದರು. ಇಪ್ಪತ್ತು ನಿಮಿಷದ ಮ್ಯಾಲ "ಗಟ್ಟಿ ಆತು" ಅಂದರು. ನಸೀಕಿನ್ಯಾಗ ಒಂದು ಬಾಟ್ಲಿ ರಕ್ತ ಏರಿಸಿದರು. ಮಗ ತನ್ನ ರಕ್ತ ಕೊಟ್ಟು ಬಂದ. ಮೈ ಮ್ಯಾಲ ಇನ್ನ ತೊಗರಿ ಧೂಳು ಹಂಗೇ ಇತ್ತು. ಡಾಕ್ಟರ್ ಅವಗ ಅಂದರು, "7.8ರಾಗೇ ಬಂದಿದ್ದರ ಈ ಮಾತು ಬ್ಯಾರೆ ಆಗ್ತಿತ್ತು." ಅವ ಹೊರಗ ಹೋಗಿ ಕಟ್ಟಿ ಮ್ಯಾಲ ಕೂತ. ನಾನು ಹಿಂದ ಹೋಗಲಿಲ್ಲ.

ಎರಡು ತಾಸು ರಾಶಿ ಮಾಡಿ, ಕತ್ತಲಾಗಿ, ಊಟ ಮಾಡಿ ಹೊರಟಿದ್ದರ? ಎರಡನೇ ಹೆರಿಗಿ ಲಗೂನ ಆಗ್ತದ. ಮನ್ಯಾಗೋ ದಾರ್ಯಾಗೋ ಹಡೆದಿದ್ದರ ಆ ಮುಷ್ಟಿ ಎಲ್ಲಿಂದ ತರಬೇಕಿತ್ತು? ಇದನ್ನ ನಾನು ಮಗನ ಮುಂದ ಅಂದಿಲ್ಲ. ಅವಗ ಗೊತ್ತದ.

ನಮ್ಮ ಕರ್ನಾಟಕದಾಗ 2004-06ರ ಲೆಕ್ಕದಾಗ ಒಂದು ಲಕ್ಷ ಹೆರಿಗಿಗೆ 213 ತಾಯಂದಿರು ಸಾಯತಿದ್ದರು. 2018-20ಕ್ಕ ಅದು 69ಕ್ಕ ಇಳಿದದ. ಗಾಡಿ, ಇಂಜೆಕ್ಷನ್, ರಕ್ತ, ದವಾಖಾನಿ ಹೆರಿಗಿ ಇವೆಲ್ಲ ಕೂಡಿ ಇಳಿಸ್ಯಾವ. ಇನ್ನ ಉಳಿದದ್ದು ನಮ್ಮ ಹೊಲ, ನಮ್ಮ ಅಡಿಗಿ ಮನಿಯೊಳಗ ಅದ ಅಂತ ನನಗ ಅನಸ್ತದ. ಹೆರಿಗಿ ದವಾಖಾನ್ಯಾಗ ಸುರು ಆಗಂಗಿಲ್ಲ, ಮೂರನೇ ತಿಂಗಳಿಗೇ ಮನ್ಯಾಗ ಸುರು ಆಗ್ತದ.

ಎಮ್ಮಿಗೆ ಹತ್ತು ತಿಂಗಳು ಹತ್ತು ದಿನ ಅಂತ ನಮಗೆಲ್ಲ ಬಾಯಿಪಾಠ. ಯಾವ ಎಮ್ಮಿ ಎಂದು ಈಯತದ ಅಂತ ಕ್ಯಾಲೆಂಡರದಾಗ ಗುರುತು ಮಾಡತೀವಿ. ಸೊಸಿ ತಾರೀಖು, ಮಗಳ ತಾರೀಖು ಎಷ್ಟು ಮಂದಿಗೆ ಗೊತ್ತದ? ಆಕಿ ರಕ್ತ ಎಷ್ಟದ ಅಂತ ಗೊತ್ತದೇನು? ನಿಮ್ಮ ಮನ್ಯಾಗ ಬಸುರಿ ಇದ್ದರ ಇವತ್ತು ಸಂಜೀಕ ತಾಯಿ ಕಾರ್ಡ್ ತೆಗೆದು ಆ ಅಂಕಿ ನೋಡ್ರಿ. 11ಕ್ಕಿಂತ ಕಡಿಮಿ ಇದ್ದರ ಗುಳಿಗಿ ತಿನ್ನಲಾಕತ್ತಾಳೋ ಇಲ್ಲೋ ಕೇಳ್ರಿ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತ 180 ಗುಳಿಗಿ ಅವ. ಮಲ ಕರ್ರಗ ಆದರ ಅಂಜಬ್ಯಾಡ್ರಿ. ಗುಳಿಗಿಯಿಂದ ಕೂಸು ದಪ್ಪ ಆಗಂಗಿಲ್ಲ, ನಾನು ಸುಳ್ಳು ಹೇಳಿದ್ದೆ. 10ರ ಕೆಳಗ ಇದ್ದರ 9ನೇ ತಾರೀಖು ತನಕನೂ ಕಾಯಬ್ಯಾಡ್ರಿ. ಹತ್ತಿ ಬಿಡಿಸಲಿಕ್ಕೆ, ಕಳೆ ತೆಗೀಲಿಕ್ಕೆ ಆಕಿನ್ನ ಕರೀಬ್ಯಾಡ್ರಿ. ಆಳು ಸಿಗದಿದ್ದರ ಎರಡು ಸಾಲು ಹತ್ತಿ ಗಿಡದಾಗೇ ಇರಲಿ.

ಸರಕಾರಿ ದವಾಖಾನ್ಯಾಗ ಹೆರಿಗಿ, ಆಪರೇಷನ್, ಔಷಧಿ, ರಕ್ತ, ಊಟ, ಮನಿಗೆ ಬಿಡೋ ಗಾಡಿ ಎಲ್ಲಾ 2011ರಿಂದ ಪುಕ್ಕಟೆ ಅದ. ಹಡೆದ ಮ್ಯಾಲ ಎರಡು ದಿನ ಅಲ್ಲೇ ಇರಿಸ್ರಿ, ರಾಶಿ ಅದ ಅಂತ ಅವಸರ ಮಾಡಿ ಕರಕೊಂಡು ಬರಬ್ಯಾಡ್ರಿ. ಯಾರರೇ ಬೈದರ, ಕೈ ಮಾಡಿದರ ಸುಮ್ಮನ ಇರಬ್ಯಾಡ್ರಿ. ನಾವು ಸುಮ್ಮನಿದ್ವಿ, ನಮ್ಮ ಸೊಸಿಯಂದಿರು ಸುಮ್ಮನ ಇರೋದು ಬ್ಯಾಡ. ಆದರ ಬೈತಾರ ಅಂತ ಅಂಜಿ ಮನ್ಯಾಗ ಉಳಿಯಬ್ಯಾಡ್ರಿ.

ಇನ್ನ ರಾಶಿ ಲೆಕ್ಕ. ಮಷೀನು ಬ್ಯಾರೆಯವರ ಹೊಲಕ್ಕ ಹೋತು, ಐದು ದಿನದ ಮ್ಯಾಲ ಬಂತು. ನಡುವ ಒಂದು ಸಂಜೀಕ ತುಂತುರು ಬಿತ್ತು, ಮ್ಯಾಲಿನ ತೊಗರಿ ಸ್ವಲ್ಪ ಕಪ್ಪಾತು. ಒಟ್ಟು 15 ಕ್ವಿಂಟಾಲ್ ಆತು. ಅದರಾಗ ಎರಡು ಚೀಲ ಕಪ್ಪು, ಅವನ್ನ ಮನಿ ಬ್ಯಾಳಿಗೆ ಇಟ್ಟೀನಿ. ನನ್ನ ಅಂದಾಜು 16 ಇತ್ತು.

ಸೊಸಿ ಈಗ ಅಳವಿ ಪಾಯಸ, ಅಂಟಿನ ಉಂಡಿ ತಿಂದು ಹೊರಸಿನ ಮ್ಯಾಲ ಅದಾಳ. ಗುಳಿಗಿ ಇನ್ನೂ ಆರು ತಿಂಗಳು ಅವ, ನಾನೇ ಎಣಿಸಿ ಕೊಡ್ಲಾಕತ್ತೀನಿ. ಕೂಸಿಗೆ ಇನ್ನ ಹೆಸರಿಟ್ಟಿಲ್ಲ, ಮುಂದಿನ ಸೋಮವಾರ ತೊಟ್ಟಿಲಿಗೆ ಹಾಕತೀವಿ. ಕಪ್ಪಾದ ತೊಗರಿಗೆ ಹುಳ ಬೀಳದಂಗ ಏನು ಮಾಡೀರಿ ಅಂತ ಯಾರಿಗರೇ ಗೊತ್ತಿದ್ದರ ತಿಳಿಸ್ರಿ.